ಪೆಟ್ರೋಲ್, ಹೈಬ್ರಿಡ್, ಎಲೆಕ್ಟ್ರಿಕ್: ಮೂರು ಕಾರುಗಳನ್ನು ನಾನು ತೂಗಿದ ಬಗೆ

ನಮ್ಮ ಹಳೆಯ ಪೆಟ್ರೋಲ್ ಕಾರು, ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟಾರೂ ಇರುವ ತಮ್ಮನ ಹೈಬ್ರಿಡ್, ಆಮೇಲೆ ನಾನು ಕೊಂಡ ಎಲೆಕ್ಟ್ರಿಕ್ ಕಾರು, ಈ ಮೂರನ್ನೂ ವಿಜಯಪುರದಿಂದ ಬಾಗಲಕೋಟೆಗೆ ಹೋಗಿಬರುವ ಒಂದೇ ದಾರಿಯಲ್ಲಿ ಓಡಿಸಿ ತೂಗಿದೆ. ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂಬ ಲೆಕ್ಕ ತೆರಿಗೆಯ ಜೊತೆ ಏರಿಳಿಯುವುದರಿಂದ ಎಲ್ಲವನ್ನೂ ಕರೆಂಟ್ ಬಿಲ್ಲಿನ ಯೂನಿಟ್ಟಿಗೆ (ಕಿಲೋವ್ಯಾಟ್-ಗಂಟೆಗೆ) ಇಳಿಸಿಕೊಂಡೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ.

ಪೆಟ್ರೋಲ್ ಅಳೆಯಲು ಒಂದೇ ಪಂಪಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಮರಳಿ ಬಂದ ಮೇಲೆ ಅಲ್ಲಿಯೇ ಹಾಗೆಯೇ ತುಂಬಿಸಿದೆ. ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ಪರದೆಯ ಅಂಕಿಯನ್ನು ನಂಬಿ ಕೂಡುವಂತಿಲ್ಲ. ಚಾರ್ಜಿಂಗ್ ಪಾಯಿಂಟಿಗೆ ಸಬ್‌ಮೀಟರ್ ಹಾಕಿಸಿದಾಗ, ಪರದೆಯಲ್ಲಿ 100 ಕಿ.ಮೀ.ಗೆ 14 ಯೂನಿಟ್ ಇದ್ದದ್ದು ಮೀಟರಿನಲ್ಲಿ 16 ಆಗಿತ್ತು. ನಡುವಿನ ಎರಡು ಯೂನಿಟ್ ಕಾರಿನೊಳಗಿನ ಚಾರ್ಜರಿನಲ್ಲಿಯೂ ಬ್ಯಾಟರಿಯಲ್ಲಿಯೂ ಬಿಸಿಯಾಗಿ ಹೋಗುತ್ತವೆ, ಆದರೆ ಹೆಸ್ಕಾಂ ಬಿಲ್ಲಿಗೆ ಅವೂ ಸೇರುತ್ತವೆ. ಲೀಟರಿಗೆ 15 ಕಿ.ಮೀ. ಕೊಟ್ಟ ಪೆಟ್ರೋಲ್ ಕಾರು ಅದೇ 100 ಕಿ.ಮೀ.ಗೆ 60 ಯೂನಿಟ್ ತಿಂದರೆ, 23 ಕಿ.ಮೀ. ಕೊಟ್ಟ ಹೈಬ್ರಿಡ್ 39ರಲ್ಲಿ ಮುಗಿಸಿತು. ಗಾಂಧಿ ಚೌಕದಂಥ ಜನಸಂದಣಿಯಲ್ಲಿ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳುವುದರಿಂದ ಹೈಬ್ರಿಡ್ಡಿನ ಲಾಭ ದೊಡ್ಡದು. ಕೊಲ್ಹಾರದ ಸೇತುವೆ ದಾಟುವ ತೆರೆದ ಹೆದ್ದಾರಿಯಲ್ಲಿ ಅದು ಕುಗ್ಗುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅದು ನ್ಯಾಯದ ತೂಕವಲ್ಲ. ನಮ್ಮ ಜಿಲ್ಲೆಯಲ್ಲಿಯೇ ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ. ಅಂಥ ಘಟಕಗಳಲ್ಲಿ ಕಲ್ಲಿದ್ದಲಿನ ಶಕ್ತಿಯ ಶೇ 40ರ ಆಸುಪಾಸು ಮಾತ್ರ ವಿದ್ಯುತ್ ಆಗುತ್ತದೆ. ತಂತಿಯಲ್ಲಿ ಶೇ 15 ಸೋರುತ್ತದೆಂದು ಹಿಡಿದರೆ, ನನ್ನ 16 ಯೂನಿಟ್ಟಿನ ಹಿಂದೆ ಸುಮಾರು 47 ಯೂನಿಟ್ಟಿನ ಕಲ್ಲಿದ್ದಲು ಉರಿದಿರುತ್ತದೆ. ಪೆಟ್ರೋಲಿಗೂ ಶುದ್ಧೀಕರಣ ಮತ್ತು ಸಾಗಣೆಯ ಬಾಬ್ತು ಅಷ್ಟೇ ಪಾಲು, ಅಂದರೆ ಶೇ 15, ಕೂಡಿಸಿದೆ: ಹೈಬ್ರಿಡ್ 45ಕ್ಕೆ, ಪೆಟ್ರೋಲ್ ಕಾರು 69ಕ್ಕೆ ಏರಿತು. ಅಂದರೆ ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಓಡುವ ಎಲೆಕ್ಟ್ರಿಕ್ ಕಾರು ಮತ್ತು ಒಳ್ಳೆಯ ಹೈಬ್ರಿಡ್ ಹೆಚ್ಚುಕಡಿಮೆ ಸರಿಸಮ. ಇದನ್ನು ಒಪ್ಪಿಕೊಳ್ಳದೆ ಎಲೆಕ್ಟ್ರಿಕ್ ಕಾರನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ.

ಅದೇ ಕಾರಿಗೆ ಆಲಮಟ್ಟಿಯ ಜಲವಿದ್ಯುತ್ ಅಥವಾ ಗಾಳಿ, ಬಿಸಿಲಿನ ವಿದ್ಯುತ್ ಸಿಕ್ಕರೆ ಉರಿಸುವ ಮಾತೇ ಇಲ್ಲ. ತಂತಿಯ ಸೋರಿಕೆ ಸೇರಿಸಿದರೂ 19 ಯೂನಿಟ್ ಸಾಕು. ಆದ್ದರಿಂದಲೇ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಆದಷ್ಟು ಮಧ್ಯಾಹ್ನದ ಹೊತ್ತಿನಲ್ಲಿಯೇ ಚಾರ್ಜಿಗೆ ಇಡುತ್ತೇನೆ. ತಮ್ಮನ ಕಾರು ಹಗಲೆಲ್ಲ ತಿರುಗಾಟದಲ್ಲಿದ್ದು ರಾತ್ರಿಯಷ್ಟೇ ಮನೆ ಸೇರುತ್ತದೆ. ಅವನಿಗೆ ಹೈಬ್ರಿಡ್ಡನ್ನೇ ಇಟ್ಟುಕೊಳ್ಳಲು ಹೇಳಿದ್ದೇನೆ.