ಕಡಲಿಲ್ಲದ ಊರಿನಲ್ಲಿ ದೋಣಿ ಪ್ರದರ್ಶನ: ನನ್ನ ಅನುಭವ

ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನೇ ದಡದ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಗೆಲ್ಲ ಸುತ್ತಿ ಇಳಿದು ಬಂದ ಏಳನೇ ತರಗತಿಯ ಹುಡುಗಿಯೊಬ್ಬಳು, "ನಮ್ಮೂರಲ್ಲಿ ಯಾಕೆ ಸಾರ್ ಇಂಥದ್ದಿಲ್ಲ?" ಅಂದಳು. "ನಮ್ಮಲ್ಲಿ ಸಮುದ್ರ ಇಲ್ವಲ್ಲಮ್ಮ" ಅಂದೆ. "ಹೊಳೆ ಐತಲ್ಲ ಸಾರ್" ಅಂದಳು.

ನಮ್ಮದು ಶ್ರೀರಂಗಪಟ್ಟಣ. ಸುತ್ತಲೂ ಕಾವೇರಿ. ಹೊಳೆ ದಾಟದೆ ಊರಿಗೆ ಬರುವ ಹಾಗೇ ಇಲ್ಲ. ಮುಂದಿನ ಬೇಸಿಗೆ ರಜೆಯಲ್ಲಿ ಮೂರು ವಾರದ ಮಟ್ಟಿಗೆ ಪರಿಚಯದವರೊಬ್ಬರ ಖಾಲಿ ಕೋಣೆ, ಅದರ ಮುಂದಿನ ಅಂಗಳ ಕೇಳಿ ಪಡೆದುಕೊಂಡೆ. ನಾನು ವಿಜ್ಞಾನದ ಮೇಷ್ಟ್ರು. ಪ್ರದರ್ಶನ ಮಾಡಿದ ಅನುಭವ ಅಲ್ಲಿಯವರೆಗೆ ಇರಲಿಲ್ಲ.

ಮೊದಲು ಮಾಡಿದ್ದು ತಪ್ಪು ಕೆಲಸ. ಚಾರ್ಟುಗಳನ್ನು ಬರೆಸಿ, ಥರ್ಮಾಕೋಲಿನ ಹಡಗು ಮಾಡಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೊಂದು ಚಾರ್ಟಿನಲ್ಲಿ ಅರ್ಧ ಪುಟ ಬರಹ. ಮಕ್ಕಳು ಒಂದು ಬಾಗಿಲಿನಿಂದ ಬಂದು ಐದು ನಿಮಿಷದಲ್ಲಿ ಇನ್ನೊಂದರಿಂದ ಹೊರಟುಹೋದರು. ಎರಡನೇ ದಿನ ಸಂಜೆ, ಹಿಂದೆ ತೆಪ್ಪ ಹಾಕುತ್ತಿದ್ದ ಹಿರಿಯರೊಬ್ಬರು ಬಂದು ಎಲ್ಲವನ್ನೂ ನಿಧಾನವಾಗಿ ನೋಡಿದರು. "ಎಲ್ಲಾ ಚೆಂದಾಗದೆ ಮೇಷ್ಟ್ರೇ. ನೀರೇ ಕಾಣ್ನಿಲ್ವಲ್ಲ" ಅಂದರು. ಅವತ್ತು ರಾತ್ರಿಯೇ ಚಾರ್ಟುಗಳನ್ನು ತೆಗೆದೆ.

ಮಾರನೇ ದಿನ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಟಾರ್ಪಾಲ್ ಹಾಸಿ, ಮೊಣಕಾಲುದ್ದ ನೀರು ತುಂಬಿಸಿದೆವು. ಆ ತಾತನೇ ತಮ್ಮ ಹಳೆಯ ತೆಪ್ಪವನ್ನು ಗಾಡಿಯಲ್ಲಿ ಹಾಕಿಸಿ ತಂದುಕೊಟ್ಟರು. ಪುಸ್ತಕದಲ್ಲಿ ಹರಿಗೋಲು ಅಂತ ಓದುವ ದುಂಡನೆಯ ದೋಣಿಯನ್ನೇ ನಮ್ಮ ಕಡೆ ತೆಪ್ಪ ಅನ್ನುತ್ತಾರೆ. ಬಿದಿರ ದಬ್ಬೆಗಳನ್ನು ನಡುವಿನಿಂದ ಹೆಣೆದು, ಮೇಲೆ ಕಲ್ಲು ಹೇರಿ, ತುದಿಗಳನ್ನು ಬಗ್ಗಿಸಿ ಅಂಚು ಕಟ್ಟುವುದು. ಹೊರಗಡೆ ಮೊದಲೆಲ್ಲ ಚರ್ಮ, ಈಗ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ತಾತ ಚಿಕ್ಕದೊಂದು ತೆಪ್ಪವನ್ನು ಮಕ್ಕಳ ಎದುರಿಗೇ ಹೆಣೆಯಲು ಕೂತರು. ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ನಾನು ಯಾರನ್ನೂ ಕರೆಯಬೇಕಾಗಲಿಲ್ಲ. ದಬ್ಬೆ ಎಣಿಸುವುದಕ್ಕೆ, ನೀರು ಚಿಮುಕಿಸಿ ಮೆತ್ತಗೆ ಮಾಡುವುದಕ್ಕೆ ನಾ ಮುಂದು ತಾ ಮುಂದು ಅಂತ ಬರುತ್ತಿದ್ದರು.

ಒಂದು ಎಚ್ಚರಿಕೆ ಹೇಳಬೇಕು. ಏಪ್ರಿಲ್ ಬಿಸಿಲಿಗೆ ದೊಡ್ಡ ತೆಪ್ಪದ ಡಾಂಬರು ಮೆತ್ತಗಾಗಿ ಮಕ್ಕಳ ಕೈ, ಲಂಗ, ಚಡ್ಡಿಗೆಲ್ಲ ಅಂಟಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ ಮೇಲೆ ಕೈ ಬಿಳುಪಾಯಿತು, ಬಟ್ಟೆ ಆಗಲಿಲ್ಲ. ತಾಯಂದಿರ ಹತ್ತಿರ ಕ್ಷಮೆ ಕೇಳಿದೆ. ತೆಪ್ಪವನ್ನು ಹೊಂಗೆ ಮರದ ನೆರಳಿಗೆ ಸರಿಸಿದೆವು. ಹೊತ್ತನ್ನೂ ಬದಲಾಯಿಸಿದೆ: ಬೆಳಿಗ್ಗೆ ಏಳೂವರೆಯಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಆರೂವರೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಾಗಿಲು ತೆರೆದಿಡುವುದು ವ್ಯರ್ಥ.

ತೊಟ್ಟಿಯಲ್ಲಿ ಬಾಂಡ್ಲಿ ತೇಲಿಸಿ ಮರಳು ತುಂಬುವ ಆಟ ಎಲ್ಲಕ್ಕಿಂತ ಹೆಚ್ಚು ನಡೆಯಿತು. ಅಲ್ಲಿಂದಲೇ ತೆಪ್ಪದ ಲೆಕ್ಕಕ್ಕೆ ಬಂದೆವು. ನೀರಿಗೆ ತಾಕುವ ತಳ 2 ಮೀಟರ್ ಅಗಲ ಅಂತಿಟ್ಟುಕೊಂಡರೆ ವಿಸ್ತೀರ್ಣ 3.14 ಚದರ ಮೀಟರ್. ಅದು 1 ಸೆಂಟಿಮೀಟರ್ ಇಳಿದರೆ 31 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಂದರೆ 31 ಕೆ.ಜಿ. ಹೊರುತ್ತದೆ. 62 ಕೆ.ಜಿ.ಯ ಒಬ್ಬರು ಹತ್ತಿದರೆ ಎರಡೇ ಸೆಂಟಿಮೀಟರ್. ಕಲ್ಲುಗಳೇ ತುಂಬಿದ, ಮೊಣಕಾಲುದ್ದ ನೀರಿನ ನಮ್ಮ ಹೊಳೆಗೆ ತೆಪ್ಪ ಯಾಕೆ ಒಗ್ಗಿತು ಅನ್ನುವುದು ಆ ಲೆಕ್ಕದಲ್ಲೇ ಇದೆ. ಆರ್ಕಿಮಿಡೀಸ್ ತತ್ವವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಹೇಳಿದ್ದೇನೆ. ಮಕ್ಕಳು ತಾವಾಗಿಯೇ ಸ್ಕೇಲ್ ತಂದು ಅಳೆದದ್ದು ಅದೇ ಮೊದಲು.

ಹೊಳೆಗೆ ಕರೆದುಕೊಂಡು ಹೋಗಿ ತೆಪ್ಪದಲ್ಲಿ ಕೂರಿಸಿ ಅಂತ ಪೋಷಕರು ಒತ್ತಾಯಿಸಿದರು. ಒಪ್ಪಲಿಲ್ಲ. ಲೈಫ್ ಜಾಕೆಟ್ ಇರಲಿಲ್ಲ, ನೀರಿನೊಳಗೆ ಸುಳಿಗಳಿವೆ, ಮೇಲುಗಡೆ ರಂಗನತಿಟ್ಟಿನಲ್ಲಿ ಮೊಸಳೆಗಳಿವೆ. ಈ ವಿಷಯದಲ್ಲಿ ಯಾರು ಬೇಸರ ಮಾಡಿಕೊಂಡರೂ ಸರಿ ಅಂತ ಗಟ್ಟಿಯಾಗಿ ನಿಂತೆ. ಹುಟ್ಟನ್ನು ಮುಂದಕ್ಕೆ ಹಾಕಿ ತನ್ನ ಕಡೆಗೆ ಎಳೆದುಕೊಳ್ಳದಿದ್ದರೆ ತೆಪ್ಪ ನಿಂತಲ್ಲೇ ಗಿರಗಿರ ತಿರುಗುತ್ತದೆ ಅನ್ನುವುದನ್ನು ತಾತ ತೊಟ್ಟಿಯ ಪುಟ್ಟ ತೆಪ್ಪದಲ್ಲಿ, ಮರದ ಸೌಟು ಹಿಡಿದು ತೋರಿಸಿದರು.

ಕೋಣೆಯೊಳಗೆ ಉಳಿಸಿಕೊಂಡದ್ದು ಒಂದು ನೀಲಿ ದಾರ. ಕಾವೇರಿಯ ಉದ್ದ ಸುಮಾರು 800 ಕಿಲೋಮೀಟರ್. ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಹಿಡಿದು 8 ಮೀಟರ್ ದಾರವನ್ನು ಗೋಡೆಗಳ ಮೇಲೆ ಎಳೆದೆವು. ತಲಕಾವೇರಿ, ಕನ್ನಂಬಾಡಿ, ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರ, ಹೊಗೇನಕಲ್, ಮೆಟ್ಟೂರು, ಕೊನೆಗೆ ಚೋಳರ ಕಾಲದ ಬಂದರು ಪೂಂಪುಹಾರ್. ಚೀಟಿಗೆ ನಾಲ್ಕೇ ಸಾಲು, ಅದೂ ಮಗುವಿನ ಕಣ್ಣೆತ್ತರದಲ್ಲಿ. ಪೂಂಪುಹಾರದ ಕೆಳಗೆ ಒಂದು ಗಡಿಗೆಯಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದ ನೀರಿಟ್ಟೆ. ಪಕ್ಕದ ಗಡಿಗೆಯಲ್ಲಿ ನಲ್ಲಿ ನೀರು. ತುದಿಗೆ ಮೊಳೆ ಸಿಕ್ಕಿಸಿ ಎಂ-ಸೀಲ್ ಮೆತ್ತಿದ ಸ್ಟ್ರಾ, ಸಿಹಿನೀರಿನಲ್ಲಿ 12 ಸೆಂಟಿಮೀಟರ್ ಮುಳುಗಿದ್ದು, ಉಪ್ಪುನೀರಿನಲ್ಲಿ ಮೂರು ಮಿಲಿಮೀಟರಿನಷ್ಟು ಮೇಲೇಳುತ್ತದೆ. ಹಡಗೂ ಹಾಗೇ. "ಹಂಗಾರೆ ನಮ್ ತೆಪ್ಪ ಸಮುದ್ರಕ್ಕೆ ಹೋಯ್ತದಾ ಸಾರ್?" ಅಂತ ಒಬ್ಬ ಕೇಳಿದ. ದಾರದ ಮೇಲೆ ಬೆರಳಿಟ್ಟು ಹೋಗುತ್ತಾ ಶಿವನಸಮುದ್ರದ ಜಲಪಾತದ ಹತ್ತಿರ ಅವನೇ ನಿಂತ.

ಮೇ 4ರಂದು ಬೆಳಿಗ್ಗೆ ಎಲ್ಲರನ್ನೂ ಕೋಟೆಯ ಬತೇರಿಯ ಮೇಲೆ ನಿಲ್ಲಿಸಿದೆ. 1799ರ ಅದೇ ದಿನ ಬ್ರಿಟಿಷ್ ಸೇನೆ ದೋಣಿಯಿಲ್ಲದೆ, ಕಲ್ಲುಗಳ ನಡುವೆ ನಡೆದುಕೊಂಡೇ ಹೊಳೆ ದಾಟಿತ್ತು. ಮಳೆಗಾಲಕ್ಕೆ ಮೊದಲೇ ಮುಗಿಸಬೇಕು ಅನ್ನುವ ಅವಸರ ಅವರಿಗಿತ್ತು. ಕೆಳಗೆ ಬಂಡೆಗಳು ಕಾಣುವಾಗ ಈ ಪಾಠಕ್ಕೆ ವಿವರಣೆ ಬೇಕಾಗಲಿಲ್ಲ. ಅಲ್ಲಿಂದ ದರಿಯಾ ದೌಲತ್‌ಗೆ ಹೋದೆವು. 1784ರ ಅರಮನೆ. ಹೆಸರಿನ ಅರ್ಥ ಸಮುದ್ರದ ಸಂಪತ್ತು. ಕಡಲಿನಿಂದ ಇಷ್ಟು ದೂರ ಆ ಹೆಸರು ಯಾಕೆ ಅಂತ ಮಕ್ಕಳು ಕೇಳಿದಾಗ, ಮೈಸೂರು ರಾಜ್ಯಕ್ಕೆ ಮಂಗಳೂರಿನಲ್ಲಿ ಹಡಗುಪಡೆ ಇದ್ದದ್ದು, 1780ರಲ್ಲಿ ಹ್ಯೂಸ್ ಎಂಬ ಬ್ರಿಟಿಷ್ ಅಡ್ಮಿರಲ್ ಹೈದರನ ಹಡಗುಗಳನ್ನು ಅಲ್ಲಿ ನಾಶಮಾಡಿದ್ದು ಹೇಳಿದೆ.

ಕೊನೆಯ ವಾರ ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ: ಮನೆಯ ಹಿರಿಯರನ್ನು ಕೂರಿಸಿಕೊಂಡು, ತೆಪ್ಪದಲ್ಲಿ ಹೊಳೆ ದಾಟಿದ್ದು ಯಾವಾಗ, ಯಾಕೆ ಅಂತ ಕೇಳಿ ಬರೆದುಕೊಂಡು ಬರುವುದು. ಸಂತೆಗೆ, ಹೆರಿಗೆಗೆ, ತಲಕಾಡಿನ ಪಂಚಲಿಂಗ ದರ್ಶನಕ್ಕೆ. ದಾರದ ಕೆಳಗೆ ಆ ಹಾಳೆಗಳನ್ನು ಅಂಟಿಸುತ್ತಾ ಹೋದೆವು. ಗೋಡೆ ಸಾಲದೆ ಬಾಗಿಲಿಗೂ ಅಂಟಿಸಿದೆವು.

ಮುಗಿಯುವ ಹಿಂದಿನ ಸಂಜೆ ಒಬ್ಬ ಹುಡುಗ ತನ್ನ ಅಜ್ಜಿಯನ್ನೇ ಕೈಹಿಡಿದು ಕರೆದುಕೊಂಡು ಬಂದ. ಅಜ್ಜಿ ಕೋಣೆಗೆ ಬರಲಿಲ್ಲ. ಹೊಂಗೆ ಹೂವು ಉದುರಿದ್ದ ತೆಪ್ಪದ ಹತ್ತಿರ ಹೋಗಿ ಅಂಚು ಸವರಿದರು. ಮೊಮ್ಮಗನ ಹೆಗಲು ಹಿಡಿದು, ಸೀರೆ ಎತ್ತಿಕೊಂಡು ಒಳಗಿಳಿದು, ನಡುವೆ ಅಲ್ಲ, ಒಂದು ಬದಿಗೆ ಒತ್ತಿ ಕೂತರು.

"ದಿಬ್ಬಣ ಬಂದಾಗ ಇಲ್ಲೇ ಕೂತಿದ್ದೆ ಕಣಪ್ಪ. ನಮ್ಮವ್ವ ಆ ದಡದಲ್ಲೇ ನಿಂತ್ಕಂಡಿದ್ಲು. ಅವ್ಳು ಕಾಣ್ಲಿ ಅಂತ ಈ ಕಡೀಕ್ ಕೂತೆ. ಅಂಬಿಗ ಬೈದ, ತೂಕ ತಪ್ತದೆ ನಡೂಕ್ ಬಾ ಅಂತ. ನಾನ್ ಏಳ್ನಿಲ್ಲ."

ಹುಡುಗ ಜೇಬಿನಿಂದ ಪೆನ್ನು ತೆಗೆದ.