ಬಿಲ್ ಹಿಡಿದು ಕೌಂಟರಿಗೆ ಬರುವ ಮುಂಚೆ

ನಗರಾಡಳಿತವೇ ನಡೆಸುವ ಕರೆಂಟು-ನೀರಿನ ಕಚೇರಿಯೊಂದರಲ್ಲಿ 19 ವರ್ಷ ಬಿಲ್ ಕೌಂಟರಿನ ಹಿಂದೆ ಕೂತಿದ್ದೆ. ಎರಡಕ್ಕೂ ಒಂದೇ ಬಿಲ್, ಒಂದೇ ಕಿಟಕಿ, ಬೈಗುಳವೂ ಒಟ್ಟಿಗೇ. ‘ನಿಮ್ಮ ಮೀಟರ್ ಸುಮ್ಮಸುಮ್ಮನೆ ಓಡುತ್ತೆ ಕಣ್ರೀ’ ಅನ್ನುವುದನ್ನು ಕೇಳದ ದಿನವಿಲ್ಲ. ಅವರಲ್ಲಿ ಬೇಗ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದವರು ಚೀಟಿಯಲ್ಲಿ ರೀಡಿಂಗ್ ಬರೆದುಕೊಂಡು ಬಂದವರು.

ಮೊದಲು ಬಿಲ್ ಹಿಡಿದು ಮೀಟರ್ ಹತ್ತಿರ ಹೋಗಿ. ಬಿಲ್ಲಿನಲ್ಲಿರುವ ‘ಈಗಿನ ರೀಡಿಂಗ್’ ಮೀಟರಿಗಿಂತ ಮುಂದಿದ್ದರೆ ತಪ್ಪು ಕಚೇರಿಯದು. ಗೇಟಿಗೆ ಬೀಗವಿತ್ತು, ನಾಯಿ ಇತ್ತು ಅಂತ ಅಂದಾಜಿನ ಬಿಲ್ ಹಾಕಿರುತ್ತಾರೆ. ಮೂಲೆಯಲ್ಲೆಲ್ಲೋ ‘ಸರಾಸರಿ’ ಅಂತ ಇರುತ್ತದೆ, ಯಾರೂ ಓದುವುದಿಲ್ಲ. ಸೀರಿಯಲ್ ನಂಬರ್ ಕಾಣುವ ಹಾಗೆ ಮೀಟರಿನ ಫೋಟೊ ತೆಗೆದು ತನ್ನಿ. ಸಾಲಾಗಿ ಮೀಟರ್ ಕೂಡಿಸಿದ ಕಡೆ ಪಕ್ಕದ ಮನೆಯ ಬಿಲ್ ನಿಮ್ಮ ಹೆಸರಿಗೆ ಬರುವುದೂ ಉಂಟು.

ರೀಡಿಂಗ್ ತಾಳೆಯಾದರೆ ನೀರಿನಿಂದ ಶುರು ಮಾಡಿ. ನೀರಿನ ಮೀಟರಿನಲ್ಲಿ ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ 1,000 ಲೀಟರಿನ ಲೆಕ್ಕ. ಕೆಂಪು ಅಂಕಿಗಳು ಅದರ ಭಾಗಗಳು. ಒಬ್ಬ ಅಜ್ಜ ಮೂರು ಪಟ್ಟು ಬಿಲ್ ಹಿಡಿದು ಬಂದಿದ್ದರು. ಮನೆಯಲ್ಲಿ ಇಬ್ಬರೇ, ನಲ್ಲಿ ಒಂದೂ ಸೋರುವುದಿಲ್ಲ ಅಂತ ಆಣೆ ಬೇರೆ. ರಾತ್ರಿ 10ಕ್ಕೆ, ಬೆಳಿಗ್ಗೆ 6ಕ್ಕೆ ಕೆಂಪು ಅಂಕಿ ಬರೆದುಕೊಂಡು ಬನ್ನಿ, ನಡುವೆ ಹನಿ ನೀರೂ ಮುಟ್ಟಬೇಡಿ ಅಂದೆ. ಮರುದಿನ ಚೀಟಿ ಚಾಚಿದರು: 240 ಲೀಟರ್ ವ್ಯತ್ಯಾಸ. ಗಂಟೆಗೆ 30, ದಿನಕ್ಕೆ 720, ತಿಂಗಳಿಗೆ 21 ಕಿಲೋಲೀಟರ್ ದಾಟುತ್ತದೆ. ಫ್ಲಶ್ ಟ್ಯಾಂಕಿನೊಳಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಟ್ಟು ನೋಡಿ ಅಂತ ಕಳಿಸಿದೆ. ಕಮೋಡಿನಲ್ಲಿ ಬಣ್ಣ ಇಳಿದಿತ್ತು. ತಳದ ರಬ್ಬರ್ ಸವೆದು, ಸದ್ದೇ ಇಲ್ಲದೆ ಹರಿಯುತ್ತಿತ್ತು.

ಕರೆಂಟಿನದು ಇನ್ನೂ ಸುಲಭ. 1,000 ವ್ಯಾಟ್ ಒಂದು ಗಂಟೆ ಉರಿದರೆ 1 ಯೂನಿಟ್. 2,000 ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲೇ ಅಷ್ಟು ತಿನ್ನುತ್ತದೆ. ನೀರು ಕಾದ ಮೇಲೆ ತಾನಾಗಿ ಆಫ್ ಮಾಡುವ ಥರ್ಮೋಸ್ಟ್ಯಾಟ್ ಕೆಟ್ಟ ಗೀಸರ್ ಕಂಡರೆ ನನಗೆ ಈಗಲೂ ಸಿಟ್ಟು. ಮನೆಯ ಮೇನ್ ಸ್ವಿಚ್ ಇಳಿಸಿ ಮೀಟರಿನ ಪುಟ್ಟ ಕೆಂಪು ದೀಪ ನೋಡಿ. ಆಗಲೂ ಮಿನುಗುತ್ತಿದ್ದರೆ ನಿಮ್ಮ ಲೈನಿಗೆ ಇನ್ಯಾರದೋ ತಂತಿ ಸೇರಿದೆ, ಇಲ್ಲವೇ ಮೀಟರ್ ಕೆಟ್ಟಿದೆ. ಮೀಟರಿಗೆ ಕಚೇರಿ ಹಾಕಿದ ಸೀಲ್ ಮಾತ್ರ ಮುಟ್ಟಬೇಡಿ. ಮೀಟರ್ ಪರೀಕ್ಷೆಗೆ ಅರ್ಜಿ ಬರೆದುಕೊಡಿ.

ಕರೆಂಟ್ ಹೋದಾಗ ಪಕ್ಕದ ಮನೆಯಲ್ಲಿ ಇದೆಯೇ ನೋಡಿ, ನಿಮ್ಮ ಮೇನ್ ಬಿದ್ದಿದೆಯೇ ನೋಡಿ, ಆಮೇಲೆ ಫೋನ್ ಮಾಡಿ. ವಿಳಾಸದ ಜೊತೆ ಕಂಬದ ನಂಬರ್ ಹೇಳಿದರೆ ಲೈನ್‌ಮ್ಯಾನ್ ಕತ್ತಲಲ್ಲಿ ಅಲೆಯುವುದು ತಪ್ಪುತ್ತದೆ. ಒಂದು ಕೋಣೆಯ ದೀಪ ಜೋರಾಗಿ, ಇನ್ನೊಂದರದು ಮಂಕಾಗಿ ಉರಿಯುತ್ತಿದ್ದರೆ ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿ, ಕಡಿದಿರಬಹುದು: ಮೇನ್ ಇಳಿಸುವುದು ಮೊದಲು, ಫೋನ್ ಆಮೇಲೆ. ಪೈಪ್ ರಿಪೇರಿ ಆದ ಮೇಲೆ ನೀರು ಕೆಂಚಗೆ ಬಂದರೆ ತಿಳಿಯಾಗುವವರೆಗೆ ತಣ್ಣೀರಿನ ನಲ್ಲಿ ಬಿಡಿ. ಬಿಳಿ ಬಟ್ಟೆ ಅವತ್ತು ಒಗೆಯಬೇಡಿ.

ದರ ಏರಿದ್ದಕ್ಕೆ ಕೌಂಟರಿನವರನ್ನು ಬೈದು ಉಪಯೋಗವಿಲ್ಲ. ಊರೇ ಮಾಲೀಕನಾದ ಇಂಥ ಸಂಸ್ಥೆಗೆ ಷೇರುದಾರರಿಲ್ಲ. ಬಹಳ ಕಡೆ ಚುನಾಯಿತ ಸದಸ್ಯರ ಸಭೆಯೇ ದರ ನಿಗದಿ ಮಾಡುತ್ತದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನೀರು, ಕರೆಂಟು ಎರಡೂ ನಗರದ್ದೇ, ಅಲ್ಲೂ ದರಕ್ಕೆ ನಗರ ಮಂಡಳಿ ಒಪ್ಪಬೇಕು. ಆ ಸಭೆಗೆ ಹೋಗಿ, ವರ್ಷದ ಬಿಲ್‌ಗಳನ್ನು ಜೋಡಿಸಿಕೊಂಡು ಮಾತಾಡಿ. ಅಂಥ ಸಭೆಗಳಲ್ಲಿ ಖಾಲಿ ಕುರ್ಚಿಗಳನ್ನೇ ಹೆಚ್ಚು ಕಂಡಿದ್ದೇನೆ.

ಮನೆ ಬಿಡುವಾಗ ಎರಡೂ ಮೀಟರಿನ ಕೊನೆಯ ರೀಡಿಂಗ್ ಬರೆದು, ಮಾಲೀಕರ ಸಹಿ ಹಾಕಿಸಿ, ಒಂದು ಪ್ರತಿ ಕೌಂಟರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಠೇವಣಿ ವಾಪಸ್ ಕೇಳುವಾಗ ಮೊದಲು ಕೇಳುವುದೇ ಆ ಚೀಟಿ.