ಇಂಗ್ಲಿಷ್ ಬರುತ್ತದೆ ಸರಿ, ಇಲ್ಲಿನ ಇಂಗ್ಲಿಷ್ ಬರುತ್ತದಾ?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಬಂದು ಹದಿನೇಳು ವರ್ಷ ಆಯಿತು. ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಕನ್ನಡದ ವಾಟ್ಸಾಪ್ ಗುಂಪಿಗೆ ಹೊಸಬರು ಸೇರುತ್ತಾರೆ. ಪ್ರಶ್ನೆಗಳು ಅವೇ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಬಾಡಿಗೆ ಮನೆಗೆ ಡೆಪಾಸಿಟ್ ಎಷ್ಟು, ಯಾವ ಸಿಮ್ ತಗೊಳ್ಳಲಿ. ಭಾಷೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಮೀಡಿಯಂ, ಐಇಎಲ್‌ಟಿಎಸ್‌ನಲ್ಲಿ ಏಳೂವರೆ, ಇನ್ನೇನು ಬೇಕು ಅಂತ. ನಾನೂ ಹಾಗೇ ಬಂದವನು.

ಮೊದಲ ವಾರವೇ ಆಫೀಸಿನ ಕ್ಯಾಂಟೀನಿನಲ್ಲಿ ‘ಗಿವ್ ಮಿ ಒನ್ ಕಾಫಿ’ ಅಂದೆ. ಕೌಂಟರಿನಲ್ಲಿದ್ದ ಹೆಂಗಸು ಕೈ ಕಟ್ಟಿಕೊಂಡು ನಿಂತು, ಮೂರು ವರ್ಷದ ಮಗುವಿಗೆ ಹೇಳುವ ಹಾಗೆ, ‘ಪ್ಲೀಸ್?’ ಅಂದರು. ಹಿಂದೆ ಕ್ಯೂ ಇತ್ತು. ಮುಖ ಎಲ್ಲಿಟ್ಟುಕೊಳ್ಳಲಿ!

ನಾನೇನೂ ಒರಟ ಅಲ್ಲ. ತೊಂದರೆ ಏನೆಂದರೆ, ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಒಂದು ಕಾಫಿ ಕೊಡಿ’ ಅಂದರೆ ಆ ‘ಡಿ’ಯಲ್ಲೇ ಎಲ್ಲಾ ಬಂತು. ಧಾರವಾಡದವರಾದರೆ ‘ಕೊಡ್ರಿ’. ‘ದಯವಿಟ್ಟು’ ಅನ್ನುವುದು ಬೋರ್ಡಿಗೆ, ಅರ್ಜಿಗೆ. ಹೋಟೆಲಿನಲ್ಲಿ ಯಾರಾದರೂ ‘ದಯವಿಟ್ಟು ಒಂದು ಕಾಫಿ’ ಅಂದರೆ ಮಾಣಿ ನಕ್ಕುಬಿಡುತ್ತಾನೆ. ಅದೇ ಮಾತನ್ನು ಇಂಗ್ಲಿಷಿಗೆ ತಂದಾಗ ಬಾಲ ಉದುರಿಹೋಗಿ ಬರೀ ಅಪ್ಪಣೆ ಉಳಿಯುತ್ತದೆ. ಹಾಗಾಗಿ ಇಲ್ಲಿ ಮರ್ಯಾದೆಯನ್ನು ಬೇರೆ ಪದಗಳಲ್ಲಿ ತುಂಬಬೇಕು. ‘ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್’, ಕೈಗೆ ಬಂದ ಮೇಲೆ ‘ಥ್ಯಾಂಕ್ ಯೂ’, ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ‘ಚಿಯರ್ಸ್’. ನಮಗೆ ಇದು ನಾಟಕ ಅನಿಸುತ್ತದೆ. ಅನಿಸಲಿ, ಹೇಳಿ.

ಸಿಕ್ಕಿದವರೆಲ್ಲ ‘ಯು ಆಲ್‌ರೈಟ್?’ ಅನ್ನುತ್ತಾರೆ. ನನ್ನ ಮುಖ ಅಷ್ಟು ಬಾಡಿದೆಯಾ ಅಂತ ಮೊದಮೊದಲು ಗಾಬರಿಯಾಗುತ್ತಿತ್ತು. ಅದು ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ಕೇಳಿದವರಿಗೆ ಸಾರು ಪಲ್ಯದ ವಿವರ ಬೇಕಿಲ್ಲ ಅಲ್ವಾ? ‘ಯೆಸ್, ಯು?’ ಅಂದು ಮುಂದೆ ಹೋಗಿ.

ನಾಟಿಂಗ್‌ಹ್ಯಾಮ್, ಡರ್ಬಿ ಕಡೆ ಎಲ್ಲರೂ ಎಲ್ಲರನ್ನೂ ‘ಡಕ್’ ಅನ್ನುತ್ತಾರೆ. ‘ಏ ಅಪ್, ಮಿ ಡಕ್’ ಅಂದರೆ ‘ಏನ್ ಮಾರಾಯ್ರೆ’ ಅಂದ ಹಾಗೆ. ಬಾತುಕೋಳಿ ಅಂತ ಅಣಕಿಸಿದ್ದಲ್ಲ, ಬೇಜಾರು ಮಾಡ್ಕೋಬೇಡಿ. ನ್ಯೂಕಾಸಲ್‌ನಲ್ಲಿ ಅದೇ ಜಾಗಕ್ಕೆ ‘ಪೆಟ್’ ಬರುತ್ತದೆ, ಸ್ಕಾಟ್ಲೆಂಡಿನಲ್ಲಿ ಹೆಂಗಸರಿಗೆ ‘ಹೆನ್’. ಬನ್ನಿಗೆ ಇಲ್ಲಿ ‘ಕಾಬ್’, ಮುನಿಸಿಕೊಂಡ ಮಗು ‘ಮಾರ್ಡಿ’. ‘ಕ್ವಿಡ್’ ಅಂದರೆ ಪೌಂಡು, ‘ಟೆನ್ನರ್’ ಹತ್ತು, ‘ಗ್ರ್ಯಾಂಡ್’ ಸಾವಿರ. ‘ಹಾಫ್ ಸೆವೆನ್’ ಅಂದರೆ ಏಳೂವರೆ, ಆರೂವರೆ ಅಲ್ಲ. ‘ಪ್ಯಾಂಟ್ಸ್’ ಅಂದರೆ ಒಳಚಡ್ಡಿ. ಸಹೋದ್ಯೋಗಿಯ ಹೊಸ ಪ್ಯಾಂಟನ್ನು ಹೊಗಳುವ ಮೊದಲು ನೆನಪಿರಲಿ. ‘ಟೀ’ಗೆ ಕರೆದರೆ ಯಾವ ಟೀ ಅಂತ ಕೇಳಿಕೊಳ್ಳಿ. ಈ ಕಡೆ ಬಹಳ ಮನೆಗಳಲ್ಲಿ ರಾತ್ರಿ ಊಟಕ್ಕೇ ಟೀ ಅನ್ನುತ್ತಾರೆ. ನಾನು ಒಮ್ಮೆ ಹೊಟ್ಟೆ ತುಂಬಾ ಉಪ್ಪಿಟ್ಟು ತಿಂದು ಹೋಗಿದ್ದೆ.

ಇವನ್ನೆಲ್ಲ ಅರ್ಥ ಮಾಡಿಕೊಂಡರೆ ಸಾಕು, ಆಡಲು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬಂದ ತಿಂಗಳಿಗೇ ‘ಮೇಟ್, ಮೇಟ್’ ಅನ್ನುವ ನಮ್ಮ ಹುಡುಗರನ್ನು ನೋಡಿದರೆ, ಬೆಂಗಳೂರಿಗೆ ಬಂದ ಮರುದಿನವೇ ‘ಮಗಾ’ ಅಂತ ಹೆಗಲ ಮೇಲೆ ಕೈ ಹಾಕುವವರು ನೆನಪಾಗುತ್ತಾರೆ.

ಆಫೀಸಿನ ಮಾತು ಇನ್ನೂ ಸೂಕ್ಷ್ಮ. ನನ್ನ ಮೊದಲ ರಿಪೋರ್ಟ್ ನೋಡಿ ಮ್ಯಾನೇಜರ್ ನಗುತ್ತಲೇ ‘ಯು ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್ ಅಟ್ ದಿಸ್’ ಅಂದರು. ‘ಮೈಟ್’ ಅಂದರಲ್ಲ, ಪುರುಸೊತ್ತಾದಾಗ ನೋಡಿದರಾಯಿತು ಅಂತ ಎರಡು ವಾರ ಬಿಟ್ಟೆ. ಅದರ ಅರ್ಥ ‘ಇದು ತಪ್ಪಾಗಿದೆ, ಇವತ್ತೇ ಸರಿ ಮಾಡು’ ಅಂತ ಆಗಿತ್ತು. ‘ಐ ಆ್ಯಮ್ ಎ ಬಿಟ್ ಸರ್‌ಪ್ರೈಸ್ಡ್’ ಅಂದರೆ ಸಿಟ್ಟು ಬಂದಿದೆ. ‘ಕ್ವೈಟ್ ಗುಡ್’ ಅಂದರೆ ಪರವಾಗಿಲ್ಲ ಅಷ್ಟೆ. ‘ನಾಟ್ ಬ್ಯಾಡ್’ ಅಂದರೆ ಹೊಗಳಿಕೆ! ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಮಾತ್ರ ನಿಮಗೆ ಹೊಸದಲ್ಲ. ಸಾಲ ಕೇಳಿದಾಗ ನಮ್ಮ ದೊಡ್ಡಪ್ಪ ‘ನೋಡೋಣ’ ಅನ್ನುತ್ತಿದ್ದರಲ್ಲ, ಅದೇ ಇದು.

ನಮ್ಮ ಕಡೆಯಿಂದ ಹೊತ್ತು ತಂದ ಪದಗಳೂ ಇವೆ. ‘ಐ ಹ್ಯಾವ್ ಎ ಡೌಟ್’ ಅಂದರೆ ನಮಗೆ ಪ್ರಶ್ನೆ, ಇವರಿಗೆ ಅಪನಂಬಿಕೆ. ಮೀಟಿಂಗಿನಲ್ಲಿ ಹಾಗಂದಾಗ ಎದುರಿಗಿದ್ದವರ ಮುಖ ಚಿಕ್ಕದಾಗಿದ್ದನ್ನು ನೋಡಿದ್ದೇನೆ. ‘ಪಾಸ್ಡ್ ಔಟ್ ಇನ್ 2019’ ಅಂದರೆ 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಅಂತ. ‘ಪ್ರೀಪೋನ್’ ಬಹಳ ಜನಕ್ಕೆ ಗೊತ್ತಿಲ್ಲ. ‘ವಾಟ್ ಈಸ್ ಯುವರ್ ನೇಟಿವ್’ ಅಂತ ಕೇಳಲೇಬೇಡಿ. ಇಲ್ಲೇ ಹುಟ್ಟಿ ಬೆಳೆದ ನಮ್ಮವರಿಗೆ ‘ಎಲ್ಲಿಯವರು’ ಅನ್ನುವ ಪ್ರಶ್ನೆಯೇ ಸಾಕಾಗಿಹೋಗಿರುತ್ತದೆ.

ಆದರೆ ಪದ ತಪ್ಪಿದರೆ ನಿಜವಾಗಿ ಕಷ್ಟ ಆಗುವುದು ಡಾಕ್ಟರ ಹತ್ತಿರ. ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಕಡೆಯಿಂದ ‘ಸರ್ಜರಿಗೆ ಬನ್ನಿ’ ಅಂತ ಮೆಸೇಜ್ ಬಂದರೆ ಹೆದರಬೇಡಿ, ಇಲ್ಲಿ ಕ್ಲಿನಿಕ್ಕಿಗೇ ಸರ್ಜರಿ ಅನ್ನುತ್ತಾರೆ. ಆಪರೇಷನ್ ಮಾಡುವವರನ್ನು ‘ಡಾಕ್ಟರ್’ ಅಂತ ಕರೆಯುವುದಿಲ್ಲ, ‘ಮಿಸ್ಟರ್’ ಅಥವಾ ‘ಮಿಸ್’ ಅನ್ನುತ್ತಾರೆ. ಹಿಂದೆ ಸರ್ಜನ್ನರೂ ಕ್ಷೌರಿಕರೂ ಒಂದೇ ಸಂಘದಲ್ಲಿದ್ದವರು, 1745ರಲ್ಲಿ ಬೇರೆಯಾದರು. ಆ ಕಾಲದ ರೂಢಿ ಇನ್ನೂ ಬಿಟ್ಟಿಲ್ಲ. ಕಾಯಿಲೆ ಅಂತ ಕೆಲಸಕ್ಕೆ ಹಾಕಿದ ರಜೆ ಏಳು ದಿನ ದಾಟಿದರೆ ‘ಫಿಟ್ ನೋಟ್’, ಅಂದರೆ ಮೆಡಿಕಲ್ ಸರ್ಟಿಫಿಕೇಟ್ ಬೇಕು. 2010ರವರೆಗೆ ಅದು ‘ಸಿಕ್ ನೋಟ್’ ಆಗಿತ್ತು, ಜನ ಈಗಲೂ ಹಾಗೇ ಅನ್ನುತ್ತಾರೆ.

‘ನನಗೆ ಬಿಪಿ ಇದೆ’ ಅಂದರೆ ‘ಎಲ್ಲರಿಗೂ ಇದೆ’ ಅನ್ನುವಂತೆ ನೋಡುತ್ತಾರೆ. ‘ಹೈ ಬ್ಲಡ್ ಪ್ರೆಶರ್’ ಅನ್ನಿ. ‘ಶುಗರ್’ ಬದಲು ‘ಡಯಾಬಿಟಿಸ್’, ‘ಲೂಸ್ ಮೋಷನ್’ ಬದಲು ‘ಡಯರಿಯಾ’. ನಾವು ಹೇಳುವ ಉಷ್ಣಕ್ಕೆ ಇಲ್ಲಿ ಪದವೇ ಇಲ್ಲ. ‘ಹೀಟ್ ಆಗಿದೆ’ ಅಂದರೆ ಥರ್ಮಾಮೀಟರ್ ಇಡುತ್ತಾರೆ. ಉರಿಮೂತ್ರವೋ ಬಾಯಿಹುಣ್ಣೋ, ಆಗುತ್ತಿರುವುದನ್ನೇ ಹೇಳಿ.

ಅಮ್ಮ ಮೊದಲ ಸಲ ಬಂದಾಗ ಒಂದು ರಾತ್ರಿ ‘ಎದೆ ಉರೀತಿದೆ ಕಣೋ’ ಅಂದರು. ನಾನು ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಕೇಳಿದ್ದನ್ನು ಹಾಗೇ ಇಂಗ್ಲಿಷ್ ಮಾಡಿ, ‘ಹರ್ ಚೆಸ್ಟ್ ಈಸ್ ಬರ್ನಿಂಗ್’ ಅಂದೆ. ವಯಸ್ಸು ಕೇಳಿದರು, 68 ಅಂದೆ. ಬಾಗಿಲು ತೆಗೆದಿಡಿ ಅಂದರು. ಆ್ಯಂಬುಲೆನ್ಸ್ ಬಂತು, ನೀಲಿ ದೀಪಕ್ಕೆ ಬೀದಿಯ ಪರದೆಗಳೆಲ್ಲ ಸರಿದವು. ಅಮ್ಮನ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಎಲ್ಲಾ ಸರಿ ಇತ್ತು. ಬಂದಿದ್ದ ಹುಡುಗಿ ತಾಳ್ಮೆಯಿಂದ ‘ಏನು ತಿಂದಿರಿ’ ಅಂತ ಕೇಳಿದಳು. ಎಂಟು ಮೆಣಸಿನಕಾಯಿ ಬಜ್ಜಿ.

ನಾನು ಹೇಳಬೇಕಿದ್ದ ಪದ ‘ಹಾರ್ಟ್‌ಬರ್ನ್’. ಹೆಸರಿನಲ್ಲಿ ಹಾರ್ಟ್ ಇದೆ, ಆದರೆ ಹೃದಯಕ್ಕೆ ಸಂಬಂಧ ಇಲ್ಲ. ‘ಚೆಸ್ಟ್’ ಅಂದಿರೋ, ಇವರಿಗೆ ಅದು ಹೃದಯವೇ. ಹಾಗಂತ ಎದೆ ಹಿಂಡಿದ ಹಾಗೆ ಆದರೆ, ಎದೆನೋವಿನ ಜೊತೆ ಬೆವರು ಬಂದರೆ, ಅಥವಾ ನೋವು ತೋಳಿಗೋ ದವಡೆಗೋ ಹರಡಿದರೆ, ಇವುಗಳಲ್ಲಿ ಒಂದಾದರೂ ಸರಿ, ಪದ ಹುಡುಕುತ್ತಾ ಕೂರಬೇಡಿ, ಸೀದಾ ತುರ್ತು ಸೇವೆಯ 999. ಬರೀ ಹುಳಿತೇಗಾದರೆ ಮೆಡಿಕಲ್ ಶಾಪಿನವರೇ ಔಷಧಿ ಕೊಡುತ್ತಾರೆ. ಮೆಡಿಕಲ್ ಶಾಪ್ ಅಂದರೆ ಇಲ್ಲಿ ‘ಕೆಮಿಸ್ಟ್’.

ಅಪ್ಪ ಅಮ್ಮ ಬರುವ ಮೊದಲು ಅವರ ಕಾಯಿಲೆ, ಮಾತ್ರೆಗಳ ಹೆಸರನ್ನು ಇಲ್ಲಿನ ಪದಗಳಲ್ಲಿ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಡಿ. ನಮ್ಮ ಮನೆಯ ಹಾಳೆಯ ತಳದಲ್ಲಿ ಅಮ್ಮ ತಾವೇ ಒಂದು ಸಾಲು ಸೇರಿಸಿದ್ದಾರೆ: ‘ಎದೆ ಉರಿ ಅಂದರೆ ಮಜ್ಜಿಗೆ ಕೊಡು. ಫೋನ್ ಮಾಡಬೇಡ.’